ದೆಹಲಿಯ ಚಳಿಗಾಲ: ಮನೆಯಲ್ಲಿ ಮತ್ತು ಪ್ರವಾಸದಲ್ಲಿ

ಉದ್ಯೋಗನಿಮಿತ್ತ ಕನ್ನಡನಾಡಿನಿಂದ ರಾಜಧಾನಿಗೆ ಬಂದು ನೆಲಸಿದವರ ಮನೆಗಳಲ್ಲಿ ಚಳಿಗಾಲದ ಮೊದಲ ಸೂಚನೆ ಅನೇಕ ವೇಳೆ ಕೊಬ್ಬರಿ ಎಣ್ಣೆಯ ಸೀಸೆಯಲ್ಲಿ ಕಾಣಿಸಿಕೊಳ್ಳುತ್ತದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಉಷ್ಣತೆಯಲ್ಲಿ ಗಟ್ಟಿಯಾಗುವ ಈ ಎಣ್ಣೆ, ಒಮ್ಮೆ ಹೆಪ್ಪುಗಟ್ಟಿತೆಂದರೆ ಶಿವರಾತ್ರಿಯ ಹೊತ್ತಿನವರೆಗೂ ಬಿಸಿನೀರಿನಲ್ಲಿಟ್ಟು ಕರಗಿಸಿಕೊಳ್ಳದೆ ಕೈಗೆ ಸಿಗುವುದಿಲ್ಲ. ಅದರ ಹಿಂದೆಯೇ ದೋಸೆಯ ಹಿಟ್ಟು ಹುದುಗುವುದಿಲ್ಲವೆಂಬ ದೂರು, ಮೊಸರು ಹೆಪ್ಪಾಗಲಿಲ್ಲವೆಂಬ ದೂರು, ಹಿಮ್ಮಡಿ ಒಡೆಯಿತು, ಮಂಡಿ ನೋಯುತ್ತದೆ ಎಂಬ ದೂರುಗಳು ಒಂದೊಂದಾಗಿ ಬರುತ್ತವೆ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಜನವರಿ ತಿಂಗಳಿನಲ್ಲಿ ಬೆಂಗಳೂರಿನ ಸರಾಸರಿ ಕನಿಷ್ಠ ಉಷ್ಣತೆ 15 ಡಿಗ್ರಿಯ ಆಸುಪಾಸಿನಲ್ಲಿದ್ದರೆ ದೆಹಲಿಯದು 7ರಿಂದ 8 ಡಿಗ್ರಿ. ಬೆಂಗಳೂರಿನ ದಾಖಲೆಯ ಚಳಿಯೆಂದರೆ 1884ರ ಜನವರಿಯಲ್ಲಿ ಕಂಡ 7.8 ಡಿಗ್ರಿ. ಅಂದರೆ ಅಲ್ಲಿ ಶತಮಾನಕ್ಕೊಮ್ಮೆಯೂ ಬಾರದ ಚಳಿ ಇಲ್ಲಿ ಪುಷ್ಯಮಾಸದ ದಿನನಿತ್ಯದ ಚಳಿ. ದೆಹಲಿಯ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 1935ರ ಜನವರಿ 16ರಂದು ಉಷ್ಣತೆ ಸೊನ್ನೆಗಿಂತಲೂ 0.6 ಡಿಗ್ರಿ ಕೆಳಗಿಳಿದಿತ್ತು.

ಆದರೆ ಈ ಲೇಖನದ ಉದ್ದೇಶ ಚಳಿಯ ಬಗ್ಗೆ ಭೀತಿ ಹುಟ್ಟಿಸುವುದಲ್ಲ. ಉಣ್ಣೆಯ ಬಟ್ಟೆ, ಹೊಟ್ಟೆ ತುಂಬ ಊಟ, ಒಂದು ರಜಾಯಿ ಇದ್ದರೆ ಆರೋಗ್ಯವಂತನಾದ ಮನುಷ್ಯನು ದೆಹಲಿಯ ಚಳಿಯನ್ನು ಸುಖವಾಗಿಯೇ ಕಳೆಯಬಲ್ಲನು. ಮನೆಯಲ್ಲಾಗಲಿ ಪ್ರವಾಸದಲ್ಲಾಗಲಿ ನಮಗೆ ಒದಗುವ ಅಪಾಯಗಳಲ್ಲಿ ಬಹುಪಾಲು ಚಳಿಯಿಂದ ತಪ್ಪಿಸಿಕೊಳ್ಳಲು ನಾವು ಕೈಗೊಳ್ಳುವ ಉಪಾಯಗಳಿಂದಲೇ ಬರುತ್ತವೆ. ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚುವುದು, ಒಳಗೆ ಬೆಂಕಿ ಮಾಡಿಕೊಳ್ಳುವುದು, ನೀರು ಕುಡಿಯದಿರುವುದು, ಮಾತ್ರೆ ತೆಗೆದುಕೊಳ್ಳುವ ವೇಳೆ ತಪ್ಪಿಸುವುದು ಇವೇ ಮೊದಲಾದವು. ಚಳಿಯಿಲ್ಲದ ಸೀಮೆಯಿಂದ ಬಂದ ನಮಗೆ ಇವುಗಳ ಅನುಭವ ಪರಂಪರೆಯಿಂದ ಬಂದಿಲ್ಲ. ಆದಕಾರಣ ತಿಳಿದುಕೊಳ್ಳುವುದು ಅವಶ್ಯಕ.

ದೇಹವು ಚಳಿಯನ್ನು ಎದುರಿಸುವ ಬಗೆ

ಹೊರಗೆ ಎಷ್ಟೇ ಚಳಿಯಿರಲಿ, ದೇಹದ ಒಳಗಿನ ಉಷ್ಣತೆಯನ್ನು ಸುಮಾರು 37 ಡಿಗ್ರಿಯಲ್ಲಿ ಕಾಪಾಡಿಕೊಳ್ಳುವುದು ಜೀವಕ್ಕೆ ಅನಿವಾರ್ಯ. ಚರ್ಮಕ್ಕೆ ತಣ್ಣನೆಯ ಗಾಳಿ ತಾಕಿದೊಡನೆ ಮೆದುಳಿನಲ್ಲಿರುವ ನಿಯಂತ್ರಣ ಕೇಂದ್ರವು ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ರಕ್ತವು ಮೈಯ ಮೇಲ್ಪದರವನ್ನು ಬಿಟ್ಟು ಒಳಕ್ಕೆ ಸರಿಯುವುದರಿಂದ ಶಾಖ ಉಳಿಯುತ್ತದೆ. ಕೈಕಾಲು ಬೆರಳುಗಳು ಮೊದಲು ತಣ್ಣಗಾಗುವುದಕ್ಕೆ ಇದೇ ಕಾರಣ. ಇದು ಸಾಲದಾದಾಗ ಸ್ನಾಯುಗಳು ತಾವಾಗಿ ನಡುಗಿ ಶಾಖವನ್ನು ಉತ್ಪಾದಿಸುತ್ತವೆ.

ಈ ಏರ್ಪಾಡಿಗೆ ದೇಹವು ಬೆಲೆಯನ್ನೂ ತೆರುತ್ತದೆ. ನಾಳಗಳು ಕುಗ್ಗಿದಾಗ ಅದೇ ರಕ್ತವನ್ನು ಕಿರಿದಾದ ದಾರಿಯಲ್ಲಿ ತಳ್ಳಬೇಕಾದ ಹೃದಯದ ಶ್ರಮ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ. ಬೇಸಗೆಯಲ್ಲಿ ಹತೋಟಿಯಲ್ಲಿದ್ದ ರಕ್ತದೊತ್ತಡ ಅದೇ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದರೂ ಚಳಿಗಾಲದಲ್ಲಿ ಮೇಲೇರುವುದು ವೈದ್ಯರಿಗೆಲ್ಲ ಪರಿಚಿತವಾದ ಸಂಗತಿ. ಒಳಕ್ಕೆ ಸರಿದ ರಕ್ತವನ್ನು ಹೆಚ್ಚುವರಿಯೆಂದು ಬಗೆದು ಮೂತ್ರಪಿಂಡಗಳು ನೀರನ್ನು ಹೊರಹಾಕುತ್ತವೆ. ಅದಕ್ಕೇ ಚಳಿಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು. ಇತ್ತ ಬಾಯಾರಿಕೆಯಂತೂ ಇರುವುದಿಲ್ಲ. ಹೀಗೆ ನೀರು ಕಡಿಮೆಯಾಗಿ ರಕ್ತ ಗಟ್ಟಿಯಾಗುವುದು, ಮಲಬದ್ಧತೆ, ಮೂತ್ರದ ಕಲ್ಲಿನ ತೊಂದರೆ ಇವೆಲ್ಲಕ್ಕೂ ಚಳಿಗಾಲ ದಾರಿ ಮಾಡಿಕೊಡುತ್ತದೆ.

2015ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು 13 ದೇಶಗಳ 384 ಸ್ಥಳಗಳಲ್ಲಿ ಸಂಭವಿಸಿದ 7 ಕೋಟಿ 40 ಲಕ್ಷ ಮರಣಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇಕಡಾ 7.29ರಷ್ಟನ್ನು ಚಳಿಗೂ, ಕೇವಲ 0.42ರಷ್ಟನ್ನು ಸೆಕೆಗೂ ಸಂಬಂಧಿಸಿದವೆಂದು ಅದು ಅಂದಾಜು ಮಾಡಿತು. ಇದಕ್ಕಿಂತಲೂ ಮುಖ್ಯವಾದ ವಿಷಯವೆಂದರೆ, ಆ ಮರಣಗಳಲ್ಲಿ ಹೆಚ್ಚಿನವು ಪತ್ರಿಕೆಗಳಲ್ಲಿ ಸುದ್ದಿಯಾಗುವ ವಿಪರೀತ ಚಳಿಯ ದಿನಗಳಿಗೆ ಸೇರಿರಲಿಲ್ಲ. ಯಾರೂ ಲಕ್ಷ್ಯ ಕೊಡದ ಸಾಧಾರಣ ಚಳಿಯ ದಿನಗಳಿಗೆ ಸೇರಿದ್ದವು.

ಧನುರ್ಮಾಸದಲ್ಲಿ ಅರುಣೋದಯಕ್ಕೆ ಮುಂಚೆ ತಣ್ಣೀರಿನಲ್ಲಿ ಮಿಂದು ಪೂಜೆ ಮುಗಿಸಿ ಹುಗ್ಗಿ ನೈವೇದ್ಯ ಮಾಡುವ ಪದ್ಧತಿ ನಮ್ಮಲ್ಲಿ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಮೈಸೂರು ಸೀಮೆಯ ಹವೆಯಲ್ಲಿ ಬೆಳೆದುಬಂದ ಈ ವ್ರತವನ್ನು 6 ಡಿಗ್ರಿಯ ದೆಹಲಿಯಲ್ಲಿ ಅಕ್ಷರಶಃ ಪಾಲಿಸುವಾಗ ವಯಸ್ಸಾದವರು ಯೋಚಿಸಬೇಕು. ಹೃದಯಾಘಾತಗಳು ಬೆಳಗಿನ ಜಾವದಿಂದ ಮಧ್ಯಾಹ್ನದೊಳಗಿನ ಹೊತ್ತಿನಲ್ಲಿ ಹೆಚ್ಚಾಗಿ ಸಂಭವಿಸುವುದು ಕಂಡುಬಂದಿದೆ. ಆ ಹೊತ್ತಿಗೆ ಸರಿಯಾಗಿ ತಣ್ಣೀರು ತಲೆಯ ಮೇಲೆ ಬಿದ್ದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಬೆಚ್ಚನೆಯ ನೀರಿನಲ್ಲಿ, ಮೊದಲು ಪಾದಕ್ಕೆ, ಆಮೇಲೆ ಮೈಗೆ ಹಾಕಿಕೊಂಡು ಸ್ನಾನ ಮಾಡುವುದರಿಂದ ಭಕ್ತಿಗೆ ಕುಂದುಂಟಾಗಲಾರದು. ರಕ್ತದೊತ್ತಡ ಉಳ್ಳವರು ನವೆಂಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಇನ್ನೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಮಾತ್ರೆಯ ಪ್ರಮಾಣವನ್ನು ಬದಲಿಸಬೇಕಾದರೆ ವೈದ್ಯರೇ ಬದಲಿಸಬೇಕು.

ಮುಚ್ಚಿದ ಕೋಣೆಯ ಅಗ್ಗಿಷ್ಟಿಕೆ

ಪ್ರತಿ ಚಳಿಗಾಲದಲ್ಲಿಯೂ ಉತ್ತರ ಭಾರತದ ಪತ್ರಿಕೆಗಳಲ್ಲಿ ಒಂದೇ ಬಗೆಯ ದಾರುಣ ವಾರ್ತೆಗಳು ಪ್ರಕಟವಾಗುತ್ತವೆ. ರಾತ್ರಿ ಇದ್ದಲಿನ ಅಂಗೀಠಿಯನ್ನು ಕೋಣೆಯೊಳಗಿಟ್ಟುಕೊಂಡು ಮಲಗಿದ ಕುಟುಂಬ ಬೆಳಿಗ್ಗೆ ಏಳಲಿಲ್ಲ ಎಂದು. ಇದಕ್ಕೆ ಕಾರಣವಾದುದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಇದ್ದಲು, ಸೌದೆ, ಸೀಮೆಎಣ್ಣೆ, ಅಡುಗೆ ಅನಿಲ ಯಾವುದೇ ಆಗಲಿ, ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಇದು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಎನ್ನುತ್ತಿರುವಾಗ ಇನ್ನೇನೂ ಭಯವಿಲ್ಲವೆಂದು ಅಗ್ಗಿಷ್ಟಿಕೆಯನ್ನು ಒಳಗೆ ತರುವುದು ವಾಡಿಕೆ. ಆ ಹೊಗೆಯಿಲ್ಲದ ಕೆಂಡವೇ ಈ ವಿಷದ ಆಗರ.

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ತಲುಪಿಸುವ ವಾಹನವಷ್ಟೆ. ಕಾರ್ಬನ್ ಮಾನಾಕ್ಸೈಡ್‌ಗೆ ಹಿಮೋಗ್ಲೋಬಿನ್ನಿನ ಮೇಲಿರುವ ಸೆಳೆತ ಆಮ್ಲಜನಕಕ್ಕಿರುವ ಸೆಳೆತದ 200 ಪಟ್ಟಿಗೂ ಹೆಚ್ಚು. ಹೀಗಾಗಿ ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅದು ವಾಹನದ ಜಾಗವನ್ನೆಲ್ಲ ಆಕ್ರಮಿಸಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಿದ್ದರೂ ಮೆದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಆಯಾಸ. ಅನಂತರ ಮಂಪರು, ಬುದ್ಧಿಭ್ರಮಣೆ, ಪ್ರಜ್ಞಾಶೂನ್ಯತೆ. ನಿದ್ರೆಯಲ್ಲಿದ್ದವನಿಗೆ ಈ ಮೊದಲ ಲಕ್ಷಣಗಳು ತಿಳಿಯುವುದೇ ಇಲ್ಲ. ಎಚ್ಚರವಿದ್ದವನಿಗೂ ಎದ್ದು ಬಾಗಿಲು ತೆರೆಯುವ ಹೊತ್ತಿಗೆ ಕಾಲಲ್ಲಿ ಬಲವಿರುವುದಿಲ್ಲ.

ಸ್ನಾನದ ಮನೆಯಲ್ಲಿರುವ ಗ್ಯಾಸ್ ಗೀಜರಿನಿಂದಲೂ ಇದೇ ಅಪಾಯ ಉಂಟು. ಸಣ್ಣ ಸ್ನಾನದ ಮನೆ, ಚಳಿಯೆಂದು ಮುಚ್ಚಿದ ಗವಾಕ್ಷಿ, ಉರಿಯುತ್ತಿರುವ ಬರ್ನರು ಈ ಮೂರೂ ಸೇರಿದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯನು ಕುಸಿದು ಬೀಳಬಹುದು. ಗ್ಯಾಸ್ ಗೀಜರನ್ನು ಸ್ನಾನದ ಮನೆಯ ಹೊರಗೆ, ಗಾಳಿ ಆಡುವ ಕಡೆಯಲ್ಲಿಯೇ ಜೋಡಿಸಬೇಕು. ಬಾಡಿಗೆಯ ಮನೆಯಲ್ಲಿ ಅದು ಒಳಗೇ ಇದ್ದು ಬದಲಾಯಿಸಲು ಸಾಧ್ಯವಾಗದಿದ್ದರೆ, ಬಾಗಿಲು ತೆರೆದಿಟ್ಟು ಬಕೆಟ್ಟು ತುಂಬಿಸಿ, ಗೀಜರನ್ನು ಆರಿಸಿ, ಸ್ವಲ್ಪ ಹೊತ್ತು ಬಿಟ್ಟ ಮೇಲೆಯೇ ಸ್ನಾನಕ್ಕೆ ಹೋಗಬೇಕು.

ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ಓಕರಿಕೆ ಬಂದು ಹೊರಗೆ ಹೋದಾಗ ಕಡಿಮೆಯಾದರೆ ಈ ಅನಿಲವನ್ನು ಸಂಶಯಿಸಬೇಕು. ಯಾರಾದರೂ ಬಿದ್ದಿರುವುದು ಕಂಡರೆ ಬಾಗಿಲು ಕಿಟಕಿಗಳನ್ನು ತೆರೆದು, ಅವರನ್ನು ಕೂಡಲೇ ಬಯಲಿಗೆ ಎಳೆದು ತಂದು, 112ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ ಕೊಡುವ ಶುದ್ಧ ಆಮ್ಲಜನಕವೇ ಇದಕ್ಕೆ ಚಿಕಿತ್ಸೆ. ಕೋವಿಡ್ ಕಾಲದಿಂದ ಅನೇಕರ ಮನೆಯಲ್ಲಿರುವ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಬಾರದು. ವಿಷ ಹಿಡಿದ ಹಿಮೋಗ್ಲೋಬಿನ್ನನ್ನು ಆಮ್ಲಜನಕದಿಂದ ಕೂಡಿದ್ದೆಂದೇ ತಿಳಿದು ಅದು ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಆದ್ದರಿಂದ ವೈದ್ಯರಿಗೆ, ‘ಕೋಣೆಯಲ್ಲಿ ಇದ್ದಲು ಉರಿಯುತ್ತಿತ್ತು’ ಎಂಬ ಒಂದು ಮಾತನ್ನು ತಪ್ಪದೆ ಹೇಳಬೇಕು.

ನಮ್ಮ ಬಡಾವಣೆಯ ಕಾವಲುಗಾರನನ್ನೂ ಇಲ್ಲಿ ನೆನೆಯಬೇಕು. ಮೂರಡಿ ಅಗಲದ ಗೂಡಿನಲ್ಲಿ ಬಾಗಿಲು ಹಾಕಿಕೊಂಡು ಕಡ್ಡಿ ಕಸ ಉರಿಸಿ ರಾತ್ರಿ ಕಳೆಯುವವನು ಅವನು. ರಾಜಧಾನಿ ಪ್ರದೇಶದ ವಾಯುಮಾಲಿನ್ಯ ನಿಯಂತ್ರಣ ಕ್ರಮಗಳಲ್ಲಿ, ನಿವಾಸಿಗಳ ಸಂಘಗಳು ತಮ್ಮ ಕಾವಲುಗಾರರಿಗೆ ವಿದ್ಯುತ್ ಹೀಟರು ಒದಗಿಸಬೇಕೆಂಬುದೂ ಸೇರಿದೆ. ಇದನ್ನು ನಮ್ಮ ನಮ್ಮ ಕಾಲೊನಿಗಳ ಸಭೆಯಲ್ಲಿ ಪ್ರಸ್ತಾಪಿಸುವುದು ಯಾರಿಗೂ ಕಷ್ಟವಲ್ಲ.

ವಿದ್ಯುತ್ ಹೀಟರು ಮತ್ತು ನೀರು ಕಾಯಿಸುವ ರಾಡು

ವಿದ್ಯುತ್ ಹೀಟರು ಕೋಣೆಯ ಆಮ್ಲಜನಕವನ್ನು ಸುಟ್ಟುಬಿಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಅದರೊಳಗೆ ಏನೂ ಉರಿಯುವುದಿಲ್ಲ, ತಂತಿ ಕಾಯುತ್ತದೆ ಅಷ್ಟೆ. ಗಾಳಿ ಕಾದಾಗ ಅದರ ಸಾಪೇಕ್ಷ ಆರ್ದ್ರತೆ ಇಳಿಯುವುದರಿಂದ ಮೂಗು, ಗಂಟಲು, ಚರ್ಮ ಒಣಗುತ್ತವೆ. ಸ್ನಾನ ಮುಗಿದು ಮೈ ಇನ್ನೂ ತುಸು ತೇವವಾಗಿರುವಾಗಲೇ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿಕೊಂಡರೆ ಒಡಕು ತುರಿಕೆಗಳು ಬಹಳಮಟ್ಟಿಗೆ ತಪ್ಪುತ್ತವೆ.

ಹೀಟರಿನ ನಿಜವಾದ ಭಯ ಬೆಂಕಿಯದು. ಪರದೆ, ರಜಾಯಿ, ಒಗೆದ ಬಟ್ಟೆ ಇವುಗಳಿಂದ ಕನಿಷ್ಠ ಒಂದು ಮೀಟರು ದೂರವಿಡಬೇಕು. 2000 ವಾಟಿನ ಹೀಟರನ್ನು ಸಾಧಾರಣ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸದೆ ಗೋಡೆಯ ದೊಡ್ಡ ಪ್ಲಗ್ಗಿಗೇ ಸೇರಿಸಬೇಕು. ಮಲಗುವ ಮೊದಲು ಆರಿಸಬೇಕು. ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ರಾಡಿನ ವಿಷಯದಲ್ಲಿ ನಿಯಮ ಒಂದೇ: ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರು ಕಾದಿದೆಯೇ ಎಂದು ಮುಟ್ಟಿ ನೋಡಬೇಕು.

ಅಡುಗೆಮನೆ, ಬಿಸಿಲು ಮತ್ತು ಹೊಗೆಮಂಜು

ಇಡ್ಲಿಯ ಹಿಟ್ಟು ಹುದುಗುವುದು ಅದರಲ್ಲಿರುವ ಸೂಕ್ಷ್ಮಜೀವಿಗಳಿಂದ. ಅವಕ್ಕೆ 30 ಡಿಗ್ರಿಯ ಆಸುಪಾಸಿನ ಬೆಚ್ಚನೆಯ ನೆಲೆ ಬೇಕು. 12 ಡಿಗ್ರಿಯ ಅಡುಗೆಮನೆಯಲ್ಲಿ ಅವು ಜಡವಾಗಿ ಕುಳಿತಿರುತ್ತವೆ. ಬೆಚ್ಚನೆಯ ನೀರಿನಲ್ಲಿ ರುಬ್ಬಿ, ಪಾತ್ರೆಗೆ ಕಂಬಳಿ ಸುತ್ತಿ, ಮುಚ್ಚಿದ ಓವನ್ನಿನೊಳಗೆ ಬರಿಯ ದೀಪ ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಹಿಟ್ಟು ಉಬ್ಬಬಹುದು. ಇಲ್ಲದಿದ್ದರೆ ಇಡೀ ಒಂದು ದಿನ ಕಾಯಬೇಕು. ಹೆಪ್ಪು ಹಾಕಿದ ಹಾಲಿಗೂ ಇದೇ ಉಪಚಾರ. ಮೊಸರು ತಿಂದರೆ ನೆಗಡಿಯಾಗುತ್ತದೆಂದು ಅದನ್ನು ಬಿಡಬೇಕಾಗಿಲ್ಲ. ನೆಗಡಿಗೆ ಕಾರಣ ವೈರಸ್ಸುಗಳು, ಅವು ಹರಡಲು ಅನುಕೂಲವಾಗುವುದು ನಾವೆಲ್ಲ ಮುಚ್ಚಿದ ಕೋಣೆಯಲ್ಲಿ ಒತ್ತಾಗಿ ಕೂರುವುದರಿಂದ.

ಸಂಕ್ರಾಂತಿಯ ಎಳ್ಳು ಬೆಲ್ಲ, ಕಡಲೆಕಾಯಿ, ಕೊಬ್ಬರಿಗಳೂ, ಉತ್ತರ ಕರ್ನಾಟಕದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೂ, ಇಲ್ಲಿಯವರ ಲೋಹ್ರಿಯ ಗಜಕ್ ರೇವಡಿಗಳೂ ಒಂದೇ ತಿಳಿವಳಿಕೆಯ ಫಲಗಳು. ಜಿಡ್ಡು ಮತ್ತು ಶಕ್ತಿ ತುಂಬಿದ ಈ ತಿನಿಸುಗಳು ಹೊಲದಲ್ಲಿ ದುಡಿಯುವವನಿಗೆ ಹಿತ. ರಜಾಯಿಯೊಳಗೆ ಕುಳಿತವನು ಅಳತೆಯಲ್ಲಿ ತಿನ್ನಬೇಕು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ರಕ್ತದೊತ್ತಡವನ್ನು ಮತ್ತಷ್ಟು ಏರಿಸುತ್ತದೆಂಬುದೂ ನೆನಪಿರಲಿ. ಬಿಸಿನೀರು, ಸಾರು, ಮಜ್ಜಿಗೆ ಯಾವ ರೂಪದಲ್ಲಾದರೂ ದ್ರವಾಹಾರವನ್ನು ಗಡಿಯಾರ ನೋಡಿಯಾದರೂ ಕುಡಿಯುತ್ತಿರಬೇಕು.

ಡಿಸೆಂಬರ್ 21ರ ಸುಮಾರಿಗೆ ದೆಹಲಿಯ ಹಗಲು ಸುಮಾರು 10 ಗಂಟೆ 20 ನಿಮಿಷ, ಬೆಂಗಳೂರಿನದಕ್ಕಿಂತ ಒಂದು ಗಂಟೆ ಕಡಿಮೆ. ನಡುಹಗಲಿನಲ್ಲಿಯೂ ಸೂರ್ಯನು ಇಲ್ಲಿ ದಿಗಂತದಿಂದ 38 ಡಿಗ್ರಿಗಿಂತ ಮೇಲೇರುವುದಿಲ್ಲ. ಬೆಂಗಳೂರಿನಲ್ಲಿ 53 ಡಿಗ್ರಿಯ ಮೇಲೆ ಇರುತ್ತಾನೆ. ನಮ್ಮ ನೆರಳು ನಮಗಿಂತ ಉದ್ದವಾಗಿದ್ದರೆ ಆ ಬಿಸಿಲಿನಿಂದ ಚರ್ಮದಲ್ಲಿ ‘ಡಿ’ ಜೀವಸತ್ವ ಹೆಚ್ಚಾಗಿ ತಯಾರಾಗುವುದಿಲ್ಲ. ದೆಹಲಿಯ ಡಿಸೆಂಬರಿನಲ್ಲಿ ಮಧ್ಯಾಹ್ನದ ನೆರಳೂ ಹಾಗೆ ಉದ್ದವಾಗಿಯೇ ಇರುತ್ತದೆ. ಆದ್ದರಿಂದ ಮಹಡಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುವುದು ಮೈಗೂ ಮನಸ್ಸಿಗೂ ಹಿತವಾದರೂ, ಮೂಳೆನೋವು ಇರುವವರು ಅದೊಂದನ್ನೇ ನಂಬದೆ ವೈದ್ಯರ ಸಲಹೆ ಪಡೆಯಬೇಕು.

ಮುಂಜಾವಿನ ವಾಯುಸೇವನೆಯ ಅಭ್ಯಾಸವುಳ್ಳವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಚಳಿಗಾಲದ ರಾತ್ರಿಗಳಲ್ಲಿ ನೆಲಕ್ಕೆ ಹತ್ತಿದ ಗಾಳಿ ತಣ್ಣಗಿದ್ದು ಅದರ ಮೇಲಿನ ಪದರ ಬೆಚ್ಚಗಿರುತ್ತದೆ. ಮುಚ್ಚಳ ಹಾಕಿದ ಪಾತ್ರೆಯಂತೆ, ಊರಿನ ಹೊಗೆ ಧೂಳುಗಳೆಲ್ಲ ಕೆಳಗೇ ಉಳಿಯುತ್ತವೆ. ಎರಡೂವರೆ ಮೈಕ್ರಾನಿಗಿಂತ ಚಿಕ್ಕದಾದ ಕಣಗಳು ಒಂದು ಘನ ಮೀಟರು ಗಾಳಿಯಲ್ಲಿ ದಿನದ ಸರಾಸರಿಯಾಗಿ 60 ಮೈಕ್ರೊಗ್ರಾಂ ಮೀರಬಾರದೆಂದು ನಮ್ಮ ರಾಷ್ಟ್ರೀಯ ಮಾನದಂಡವೂ, 15 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯೂ ಹೇಳುತ್ತವೆ. ದೆಹಲಿಯ ಚಳಿಗಾಲದಲ್ಲಿ ಇದು ಅನೇಕ ಪಟ್ಟು ಮೀರುವ ದಿನಗಳು ವಿರಳವಲ್ಲ. ಅಂತಹ ದಿನಗಳಲ್ಲಿ ಮನೆಯೊಳಗೇ ನಡೆದಾಡುವುದು ಲೇಸು. ಮಿಕ್ಕ ದಿನಗಳಲ್ಲಿ ಬಿಸಿಲೇರಿದ ಮೇಲೆ ಹೊರಡಬಹುದು. ಮಫ್ಲರು ಚಳಿಯನ್ನು ತಡೆದೀತು, ಈ ಕಣಗಳನ್ನು ತಡೆಯಲಾರದು. ಅದಕ್ಕೆ ಎನ್-95 ಮುಖವಾಡವೇ ಬೇಕು.

ಕಛೇರಿಯ ಕೆಲಸದ ಮೇಲೆ ಪ್ರವಾಸ

ಮನೆಯಲ್ಲಿ ಎಚ್ಚರಿಕೆಯಿಂದಿರುವವನೂ ಪ್ರವಾಸದಲ್ಲಿ ಕ್ರಮ ತಪ್ಪುತ್ತಾನೆ. ಲೂಧಿಯಾನ, ಕಾನ್ಪುರ, ಲಖನೌ, ಚಂಡೀಗಢ ಮೊದಲಾದ ಊರುಗಳಿಗೆ ಡಿಸೆಂಬರ್ ಜನವರಿಗಳಲ್ಲಿ ಹೋಗಿಬರಬೇಕಾದವರು ಕೆಲವು ಸಂಗತಿಗಳನ್ನು ಮೊದಲೇ ಯೋಚಿಸಿಕೊಳ್ಳಬೇಕು.

ಒಂದನೆಯದು, ಮಂಜು. ಗಂಗಾ ಬಯಲಿನ ದಟ್ಟ ಮಂಜಿನಲ್ಲಿ 50 ಮೀಟರು ದೂರದ ವಸ್ತುವೂ ಕಾಣದಿರುವುದುಂಟು. ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ರಾತ್ರಿಯ ಮಾತ್ರೆಗೆ ಮನೆ ತಲುಪುತ್ತೇನೆಂಬ ಲೆಕ್ಕಾಚಾರ ಇಲ್ಲಿ ನಡೆಯದು. ಕನಿಷ್ಠ ಎರಡು ದಿನದ ಹೆಚ್ಚುವರಿ ಔಷಧಿ, ತಿನ್ನಲು ಏನಾದರೂ, ಬಿಸಿನೀರಿನ ಫ್ಲಾಸ್ಕು ಕೈಚೀಲದಲ್ಲಿಯೇ ಇರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ವಿಮಾನದ ಸರಕಿನ ಪೆಟ್ಟಿಗೆಯಲ್ಲಿ ಹಾಕಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕೆ ಬಾರದು. ರಸ್ತೆಯಲ್ಲಿ ಹೋಗುವವರು ಬಿಸಿಲು ಬಂದ ಮೇಲೆ ಹೊರಟು ಕತ್ತಲಾಗುವ ಮೊದಲು ತಲುಪುವಂತೆ ಗೊತ್ತು ಮಾಡಿಕೊಳ್ಳಬೇಕು. ಬೆಳಗಿನ 9 ಗಂಟೆಯ ಸಭೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳೋಣವೆಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಎರಡನೆಯದು, ಉಡುಪು. ಶಾಖವನ್ನು ಹಿಡಿದಿಡುವುದು ಬಟ್ಟೆಗಳ ನಡುವೆ ಸಿಕ್ಕಿದ ಗಾಳಿ. ಆದ್ದರಿಂದ ಒಂದು ದಪ್ಪನೆಯ ಕೋಟಿಗಿಂತ ಒಂದರ ಮೇಲೊಂದು ಹಾಕಿದ ಮೂರು ತೆಳು ಬಟ್ಟೆಗಳು ಬೆಚ್ಚಗೆ. ಕಾರಿನಲ್ಲಿ, ಸಭಾಂಗಣದಲ್ಲಿ ಒಂದನ್ನು ಕಳಚಿಡಬಹುದು. ಬೆವರಿ ಒದ್ದೆಯಾದ ಬನಿಯನ್ನು, ಕಾಲುಚೀಲಗಳನ್ನು ಕೂಡಲೇ ಬದಲಿಸಬೇಕು. ಮಂಕಿ ಕ್ಯಾಪು ಸೂಟಿಗೆ ಒಪ್ಪುವುದಿಲ್ಲ ನಿಜ, ಆದರೆ ನಸುಕಿನ ಪ್ಲಾಟ್‌ಫಾರಮ್ಮಿನಲ್ಲಿ ಯಾರೂ ಅದನ್ನು ನೋಡಿ ನಗುವುದಿಲ್ಲ. ಕಾಲ್ಬೆರಳುಗಳು ಕೆಂಪು ನೀಲಿಯಾಗಿ ಊದಿ ತುರಿಸಿದರೆ ಬೆಂಕಿಗೆ ಹಿಡಿಯಬಾರದು. ಒಣಬಟ್ಟೆಯಲ್ಲಿ ಸುತ್ತಿ ನಿಧಾನವಾಗಿ ಬೆಚ್ಚಗಾಗಲು ಬಿಡಬೇಕು.

ಮೂರನೆಯದು, ವಸತಿ. ಕೋಣೆಗೆ ಹೊಕ್ಕೊಡನೆ ಕಿಟಕಿ ತೆರೆಯುತ್ತದೆಯೇ, ನೀರು ಕಾಯಿಸುವ ಏರ್ಪಾಟು ವಿದ್ಯುತ್ತಿನದೋ ಗ್ಯಾಸಿನದೋ ಎಂದು ನೋಡಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಶಿಮ್ಲಾ, ಮಸ್ಸೂರಿಯಂತಹ ಗಿರಿಪಟ್ಟಣಗಳ ಸಣ್ಣ ವಸತಿಗೃಹಗಳಲ್ಲಿ ಮರ್ಯಾದೆಯಿಂದ ಅಂಗೀಠಿ ತಂದಿಟ್ಟರೆ ಅಷ್ಟೇ ಮರ್ಯಾದೆಯಿಂದ ಹಿಂದಿರುಗಿಸಿ ಇನ್ನೊಂದು ರಜಾಯಿ ಕೇಳುವುದು ಜಾಣತನ. ಕಾರಿನ ಚಾಲಕನಿಗೂ ಮಲಗಲು ಒಂದು ಸ್ಥಳ ಏರ್ಪಡಿಸಬೇಕು. ಗಾಜು ಏರಿಸಿ, ಎಂಜಿನ್ ನಡೆಸಿ, ಹೀಟರು ಹಾಕಿಕೊಂಡು ಕಾರಿನಲ್ಲಿ ಮಲಗುವವರಿಗೂ ಮೇಲೆ ಹೇಳಿದ ವಿಷಾನಿಲದ ಅಪಾಯವುಂಟು.

ನಾಲ್ಕನೆಯದು, ಮದ್ಯ. ‘ಚಳಿಗೆ ಒಳ್ಳೆಯದು’ ಎಂಬ ಉಪಚಾರದ ಮಾತು ಪ್ರವಾಸಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ. ವಾಸ್ತವದಲ್ಲಿ ಒಳಗಿನ ಶಾಖ ಆ ದಾರಿಯಾಗಿಯೇ ಸೋರಿಹೋಗುತ್ತಿರುತ್ತದೆ. ಕುಡಿದು ಚಳಿಯಲ್ಲಿ ಹೊರಬೀಳುವವನು ಉಣ್ಣೆಯ ಬಟ್ಟೆ ಕಳಚಿ ನಡೆದವನಿಗೆ ಸಮಾನ.

ಊರಿನಿಂದ ಬರುವ ಹಿರಿಯರು

ಮೊಮ್ಮಕ್ಕಳಿಗೆ ಶಾಲೆಯ ಚಳಿಗಾಲದ ರಜವೆಂದು ಊರಿನಿಂದ ತಂದೆತಾಯಿಗಳನ್ನು ಜನವರಿಯಲ್ಲಿಯೇ ಕರೆಸಿಕೊಳ್ಳುವುದು ಸಾಮಾನ್ಯ. ಫೆಬ್ರುವರಿಯ ಮಧ್ಯದಿಂದ ಮಾರ್ಚಿಯವರೆಗಿನ ಕಾಲ ಅವರಿಗೆ ಹೆಚ್ಚು ಹಿತ. ಬಂದೇ ಬರುವುದಾದರೆ ಹೊರಡುವುದಕ್ಕೆ ಎರಡು ವಾರ ಮೊದಲಾದರೂ ವೈದ್ಯರ ಸಲಹೆಯಂತೆ ಫ್ಲೂ ಲಸಿಕೆ ಹಾಕಿಸಿಕೊಂಡು ಬರಲಿ. ವಯಸ್ಸಾದವರಿಗೆ ಚಳಿಯ ಅರಿವೂ ಬಾಯಾರಿಕೆಯ ಅರಿವೂ ಮಂದವಾಗಿರುತ್ತದೆ. ನಡುಕ ನಿಂತು, ಮಾತು ತೊದಲಿ, ಮಂಕು ಕವಿದಂತಾದರೆ ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದಿರಬಹುದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶಜ್ಞಾನ ಕುಗ್ಗಿರುವುದರಿಂದ ಬಿಸಿನೀರಿನ ಚೀಲವನ್ನು ಕಾಲಬಳಿ ಇಡಬಾರದು. ಸುಟ್ಟುದು ಅವರಿಗೆ ತಿಳಿಯುವುದಿಲ್ಲ. ಉಣ್ಣೆಯ ಕಾಲುಚೀಲವೇ ಸಾಕು.

ಇನ್ನೊಂದು ಕಷ್ಟ ಯಾವ ಔಷಧಿಗೂ ನಿಲುಕದು. ಮಂಜು ಕವಿದ ಹಗಲು, ಐದೂವರೆಗೇ ಕತ್ತಲು, ಮಗ ಸೊಸೆ ಕಛೇರಿಗೆ, ಬೀದಿಯಲ್ಲಿ ಕನ್ನಡ ಆಡುವವರಿಲ್ಲ. ಹಿರಿಯರ ಮನಸ್ಸು ಕುಗ್ಗಲು ಇಷ್ಟು ಸಾಕು. ನಮ್ಮ ಸಂಘಗಳು ಚಳಿಗಾಲದ ಕಾರ್ಯಕ್ರಮಗಳನ್ನು ಸಂಜೆಗೆ ಬದಲಾಗಿ ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ ಇಟ್ಟುಕೊಂಡರೆ ಅವರೂ ಬಂದು ನಾಲ್ಕು ಮಾತಾಡಿ ಹೋದಾರು.

ಕಡೆಯದಾಗಿ, ಈ ಬರಹದಲ್ಲಿ ಬೇರೆಲ್ಲ ಮರೆತರೂ ಒಂದನ್ನು ಮರೆಯಬಾರದೆಂದು ವಾಚಕರಲ್ಲಿ ವಿನಂತಿ. ಇಂದು ರಾತ್ರಿ ಮಲಗುವ ಮೊದಲು ಮನೆಯಲ್ಲಿ ಉರಿಯುವ ವಸ್ತು ಯಾವುದೂ ಒಳಗಿಲ್ಲವೆಂದು ನೋಡಿ, ಒಂದು ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡಿ. ಅದರಿಂದ ಒಳಬರುವ ಚಳಿಯನ್ನು ಇನ್ನೊಂದು ಕಂಬಳಿ ತಡೆದೀತು.